ತಂಗಡಿ ಹೂವು



ಸೇಡಂನಿಂದ ಚಿತ್ತಾಪುರಕ್ಕೆ ಹೋಗುವಾಗ ದಾರಿ ಬದಿ ನೋಡೀರೇನು? ಕಲ್ಲು ನೆಲದಾಗ ಹಳದಿ ಹೂವಿನ ಗಿಡ ನಿಂತಿರ್ತದ. ಅದೇ ತಂಗಡಿ. ಕೆಲವರು ಆವರಿಕೆ ಅಂತಾರ. ತಗಚೆ ಬೇರೆ, ತಂಗಡಿ ಬೇರೆ. ತಗಚೆ ಒಂದೇ ಮಳೆಗಾಲದ ಗಿಡ. ಅದರ ಕಾಯಿ ಸಣ್ಣ ಕೋಲಿನಂಗ ಇರ್ತದ. ತಂಗಡಿ ಕಾಯಿ ಚಪ್ಪಟೆ. ಗಿಡ ಎಷ್ಟೋ ವರ್ಷ ಬಾಳುತ್ತದೆ.

ನಾವು ಇದನ್ನು ಕಡಿದು ಒಲೆಗೆ ಹಾಕ್ತೀವಿ. ಸೇಡಂ, ಚಿಂಚೋಳಿ ದಾಟಿದರೆ ತೆಲಂಗಾಣ. ಅಲ್ಲಿ ಹೆಣ್ಣುಮಕ್ಕಳು ಬತುಕಮ್ಮ ಹಬ್ಬಕ್ಕೆ ಇದೇ ಹೂವು ಪೇರಿಸುತ್ತಾರೆ. 2014ರಲ್ಲಿ ಆ ರಾಜ್ಯ ಆಯಿತು. ತಂಗಡಿಯನ್ನೇ ರಾಜ್ಯದ ಹೂವು ಮಾಡಿಕೊಂಡರು. ಹೂವು ಅದೇ, ಗಡಿ ಮಾತ್ರ ನಡುವೆ!

ವಾಡಿ, ಶಹಾಬಾದ್ ಕಡೆ ಮಣ್ಣು ತೆಳ್ಳಗ, ಕೆಳಗೆ ಪರಸಿ ಕಲ್ಲು. ಅಲ್ಲಿ ಮಲ್ಲಿಗೆ ಹಚ್ಚಿದರೆ ಬೇಸಿಗೆಗೆ ಕೊಡ ಕೊಡ ನೀರು ಬೇಕು. ಕುಡಿಯೋ ನೀರಿಗೇ ಸಾಲು ನಿಲ್ಲುವ ನಾವು ಎಲ್ಲಿಂದ ತರೋಣ? ತಂಗಡಿಗೆ ಅಷ್ಟು ಬೇಡ. ಮೊದಲ ಬೇಸಿಗೆಯಲ್ಲಿ ಪಾತ್ರೆ ತೊಳೆದ ನೀರು ಸ್ವಲ್ಪ ಹಾಕಿದರೆ ಸಾಕು. ದನ ಇದನ್ನು ಅಷ್ಟಾಗಿ ಮೇಯೋದಿಲ್ಲ. ಅದಕ್ಕೇ ಬೇಲಿಗೆ ಚಲೋ.

ಮೊದಲ ಸಲ ನಾವು ತಪ್ಪು ಮಾಡಿದೆವು. ದಾರಿ ಬದಿ ಗಿಡ ಕಿತ್ತು ತಂದು ಹಚ್ಚಿದೆವು. ಅದರ ಬೇರು ಆಳಕ್ಕೆ ಇಳಿದಿರ್ತದ. ಬೇರು ಹರಿಯಿತು, ಗಿಡ ಒಣಗಿತು. ಆಮೇಲೆ ಬೀಜ ಹಾಕಿದೆವು. ಅದೂ ಮೊಳೆಯಲಿಲ್ಲ. ಬೀಜದ ಸಿಪ್ಪೆ ಬಹಳ ಗಟ್ಟಿ. ಒರಟು ಕಲ್ಲಿನ ಮೇಲೆ ಬೀಜ ಉಜ್ಜಬೇಕು. ಸಿಪ್ಪೆಗೆ ಗೀರು ಬೀಳಬೇಕು. ಒಂದು ರಾತ್ರಿ ನೀರಲ್ಲಿ ನೆನೆಸಬೇಕು. ಉಬ್ಬಿದ ಬೀಜವನ್ನು ಮಿರಗದ ಮಳೆಗೆ, ಗಿಡ ಬೇಕಾದ ಜಾಗದಲ್ಲೇ ಊರಬೇಕು. ನೀರು ನಿಲ್ಲುವ ಜಾಗ ಬ್ಯಾಡ. ಹೂವಿಗೆ ಎರಡು ಮೂರು ವರ್ಷ ಕಾಯಬೇಕು.

ಹೂವು ಬಂದರೆ ಕರಿ ದುಂಬಿ ಬರ್ತದ. ಹೆದರಿ ಓಡಿಸಬ್ಯಾಡ್ರಿ. ಅದೇ ದುಂಬಿ ನಮ್ಮ ತೊಗರಿ ಹೂವಿಗೂ ಹೋಗ್ತದ.

ಇನ್ನೊಂದು ಮಾತು. ಸಕ್ಕರೆ ಕಾಯಿಲೆಗೆ ತಂಗಡಿ ಹೂವಿನ ಕಷಾಯ ಕುಡೀತಾರ. ಕಷಾಯ ಕುಡಿದೆ ಅಂತ ಮಾತ್ರೆ ಬಿಡಬ್ಯಾಡ್ರಿ. ಮಾತ್ರೆ ಬಿಟ್ಟರೆ ಕಣ್ಣಿಗೆ, ಕಾಲಿಗೆ ಕೇಡು. ಎರಡೂ ತಗೊಂಡರೆ ಸಕ್ಕರೆ ಬಹಳ ಇಳಿದು ತಲೆ ಸುತ್ತಬಹುದು. ಡಾಕ್ಟರಿಗೆ ಮೊದಲು ಹೇಳ್ರಿ. ಬಸುರಿ ಹೆಣ್ಣುಮಕ್ಕಳು ಕುಡಿಯೋದೇ ಬ್ಯಾಡ.

ನಾಳೆ ಹೊಲದಿಂದ ಬರುವಾಗ ಒಣಗಿದ ಕಾಯಿ ಉಡಿಯಲ್ಲಿ ತರ್ರಿ. ಪಾಠ ಮುಗಿದ ಮೇಲೆ ಕಟ್ಟೆಯ ಕಲ್ಲಿನ ಮೇಲೆ ಎಲ್ಲರೂ ಕೂಡಿ ಉಜ್ಜೋಣ.