ಗಣಕಯಂತ್ರವು ಕಿರಿದಾಗುತ್ತ ಬಲಿತ ಬಗೆ



ಕೊರವಂಗಲದ ಬೂಚೇಶ್ವರಾಲಯವನ್ನು ನೋಡದವರು ಈ ಸೀಮೆಯಲ್ಲಿ ವಿರಳ. ವೀರಬಲ್ಲಾಳನ ಪಟ್ಟಾಭಿಷೇಕದ ಕಾಲಕ್ಕೆ, ಕ್ರಿ. ಶ. 1173 ರಲ್ಲಿ, ಬೂಚಿರಾಜನು ಕಟ್ಟಿಸಿದ ಗುಡಿಯದು. ಹೊಯ್ಸಳರ ಕಾಲದ ಶಿಲ್ಪಿಗಳು ಬಳಪದ ಕಲ್ಲನ್ನು ಆರಿಸಿಕೊಂಡುದು ಸುಮ್ಮನಲ್ಲ. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಗಟ್ಟಿಗೊಳ್ಳುವ ಆ ಕಲ್ಲಿನಲ್ಲಿ ಎಳೆಯಷ್ಟು ಸಣ್ಣ ಗೆರೆಯೂ ನಿಲ್ಲುವುದು. ಈ ಕಾಲದ ಗಣಕಯಂತ್ರವೂ ಒಂದು ಬಗೆಯ ಕಲ್ಗೆತ್ತನೆಯೇ ಸರಿ. ಮರಳಿನ ಜಾತಿಯ ಕಲ್ಲಿನಿಂದ ಶೋಧಿಸಿ ತೆಗೆದ ಸಿಲಿಕಾನ್ ಎಂಬ ವಸ್ತುವಿನ ಬಿಲ್ಲೆಯ ಮೇಲೆ, ಉಳಿಗೆ ಬದಲಾಗಿ ಬೆಳಕಿನಿಂದಲೇ ಗೆರೆ ಮೂಡಿಸಿ ಅದನ್ನು ರಚಿಸುವರು.

ಇದರ ಆರಂಭವು ಮಾತ್ರ ಹೀಗಿರಲಿಲ್ಲ. 1946 ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಜನರಿಗೆ ತೋರಿಸಿದ 'ಎನಿಯಾಕ್' ಎಂಬ ಯಂತ್ರವು ದೊಡ್ಡದೊಂದು ಅಂಕಣವನ್ನೇ ತುಂಬಿಕೊಂಡಿತ್ತು. ಅದರ ತೂಕ ಸುಮಾರು 30 ಟನ್ನು. ಹಳೆಯ ರೇಡಿಯೋ ಪೆಟ್ಟಿಗೆಗಳಲ್ಲಿದ್ದಂಥ ಗಾಜಿನ ವಾಲ್ವುಗಳು ಅದರೊಳಗೆ ಸುಮಾರು 18,000. ಸೆಕೆಂಡಿಗೆ 5,000 ಸಂಕಲನಗಳನ್ನು ಮಾಡುತ್ತಿದ್ದ ಆ ಯಂತ್ರವು ಅಂದಿಗೆ ಅದ್ಭುತವೇ ಅಹುದು. ಆದರೆ ವಾಲ್ವೊಂದು ಸುಟ್ಟಿತೆಂದರೆ ಲೆಕ್ಕವು ಕೆಟ್ಟು, ಹಾಳಾದುದು ಯಾವುದೆಂದು ಹುಡುಕುವುದೇ ಒಂದು ಕೆಲಸವಾಗುತ್ತಿತ್ತು. 1947 ರಲ್ಲಿ ಬೆಲ್ ಪ್ರಯೋಗಶಾಲೆಯವರು ಕಂಡುಹಿಡಿದ ಟ್ರಾನ್ಸಿಸ್ಟರು ವಾಲ್ವಿನ ಕೆಲಸವನ್ನು ಗಾಜಿನ ಬುರುಡೆಯಿಲ್ಲದೆ, ಅಲ್ಪವಾದ ಕಾವಿನಲ್ಲಿ ನಡೆಯಿಸಿತು. 1958 ರಲ್ಲಿ ಜ್ಯಾಕ್ ಕಿಲ್ಬಿ ಎಂಬಾತನು ಹಲವು ಭಾಗಗಳನ್ನು ಒಂದೇ ತುಣುಕಿನಲ್ಲಿ ಅಡಕಮಾಡಿದನು. 1971 ರಲ್ಲಿ ಇಂಟೆಲ್ ಸಂಸ್ಥೆಯ '4004' ಎಂಬ ಚಿಪ್ಪು ಉಗುರಿಗಿಂತ ಕಿರಿದಾದ ಸ್ಥಳದಲ್ಲಿ 2,300 ಟ್ರಾನ್ಸಿಸ್ಟರುಗಳನ್ನು ಹೊತ್ತು ಬಂದಿತು. 2020 ರ ಹೊತ್ತಿಗೆ ಕೈಯಲ್ಲಿ ಹಿಡಿಯುವ ಫೋನಿನ ಚಿಪ್ಪಿನಲ್ಲಿಯೇ ಅವುಗಳ ಸಂಖ್ಯೆ ಸಾವಿರ ಕೋಟಿಯನ್ನು ಮೀರಿತು.

ಕಿರಿದಾದುದಕ್ಕೆ ಬಲವೆಲ್ಲಿಂದ ಬಂದಿತು? ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಷ್ಟು ಕಾಲದಲ್ಲಿ ಬೆಳಕು ಸಹ ಸುಮಾರು ಒಂದು ಅಡಿ ದೂರವನ್ನು ಮಾತ್ರ ಹೋಗಬಲ್ಲುದು. ಅಷ್ಟರೊಳಗೆ ಲೆಕ್ಕವೊಂದು ಮುಗಿಯಬೇಕಾದರೆ ಯಂತ್ರದ ಭಾಗಗಳು ಒತ್ತೊತ್ತಾಗಿರದೆ ಗತ್ಯಂತರವಿಲ್ಲ. ಇನ್ನೊಂದು ಕಾರಣವುಂಟು. ಕೆರೆಯ ತೂಬನ್ನು ಎತ್ತಲು ಆಳುಗಳು ಬೇಕು. ಪಾತಿಯ ಮಡೆಯನ್ನು ತಿರುವಲು ಒಂದು ಗುದ್ದಲಿಯ ಏಟು ಸಾಕು. ಹಾಗೆಯೇ ಕಿರಿದಾದ ಟ್ರಾನ್ಸಿಸ್ಟರನ್ನು ತೆರೆದು ಮುಚ್ಚಲು ಅತ್ಯಲ್ಪವಾದ ವಿದ್ಯುತ್ತು ಸಾಕಾಗಿ, ಕೆಲಸವೂ ಬೇಗನೆ ಆಗುವುದು. ಕೇಡೂ ಇಲ್ಲಿಯೇ ಅಡಗಿದೆ. ಅಷ್ಟು ಸುಲಭವಾಗಿ ತಿರುಗುವ ಮಡೆಯು ದಾರಿಹೋಕನ ಕಾಲು ತಗುಲಿದರೂ ತಿರುಗೀತು.

ಈ ಕೇಡು ಮನೆಯಲ್ಲಿ ಅಷ್ಟಾಗಿ ಬಾಧಿಸದು, ಬಾಧಿಸುವುದು ಆಕಾಶದಲ್ಲಿ. ಕೊರವಂಗಲಕ್ಕೆ ನೆರೆಯ ಹಾಸನದಲ್ಲಿ 1982 ರಿಂದ ಇಸ್ರೋ ಸಂಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರವು ನಡೆದುಬಂದಿದೆ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳ ನಿಲುವನ್ನು ಹಗಲಿರುಳೂ ಕಾಯುವುದು ಅದರ ಕರ್ತವ್ಯ. ಮೇಲೆ ತಪ್ಪಿದುದನ್ನು ಕೆಳಗಿನಿಂದ ತಿದ್ದುವುದು ಎಷ್ಟು ಕಷ್ಟವೆಂಬುದನ್ನು ಮೊದಲ ವರ್ಷವೇ ತೋರಿಸಿತು: 1982 ರ ಏಪ್ರಿಲಿನಲ್ಲಿ ಹಾರಿದ ಇನ್ಸಾಟ್-1ಎ ಉಪಗ್ರಹವು ಸೆಪ್ಟೆಂಬರಿನಲ್ಲಿಯೇ, ದಿಕ್ಕನ್ನು ತಿದ್ದಿಕೊಳ್ಳುವ ಇಂಧನ ತೀರಿ, ಕೈಬಿಟ್ಟುಹೋಯಿತು. ಆ ನಷ್ಟಕ್ಕೆ ಚಿಪ್ಪು ಕಾರಣವೆಂದಲ್ಲ. ರಿಪೇರಿಗೆ ಅಲ್ಲಿಗೆ ಹೋಗುವವರಿಲ್ಲವೆಂಬುದೇ ಮಾತಿನ ತಾತ್ಪರ್ಯ.

ಅಂಥ ಸ್ಥಳದಲ್ಲಿ ವಿಶ್ವಕಿರಣದ ಒಂದು ಕಣವು ಚಿಪ್ಪಿಗೆ ತಾಗಿದರೆ, ಒಂದು ಎಂಬುದು ಸೊನ್ನೆಯಾಗಿ, ಸೊನ್ನೆಯೆಂಬುದು ಒಂದಾಗಿ ಲೆಕ್ಕವು ತಪ್ಪಬಹುದು. ಆದಕಾರಣ ಆಕಾಶಕ್ಕೆ ಏರುವ ಗಣಕವು ಅನೇಕ ವೇಳೆ ನೆಲದ ಮೇಲಿನದಕ್ಕಿಂತ ಹಳೆಯದು, ನಿಧಾನವಾದುದು. 2021 ರಲ್ಲಿ ಮಂಗಳಗ್ರಹದ ಮೇಲೆ ಇಳಿದ ಪರ್ಸಿವಿಯರೆನ್ಸ್ ಬಂಡಿಯ ಮುಖ್ಯ ಗಣಕವು ಇಂಥದೇ. ಅದರೊಡನೆ ಹೋದ ಇಂಜೆನ್ಯುಯಿಟಿ ಎಂಬ ಪುಟ್ಟ ಹಾರುವ ಯಂತ್ರಕ್ಕಾದರೋ ಫೋನಿನ ಚಿಪ್ಪನ್ನೇ ಜೋಡಿಸಿದ್ದರು. ಐದು ಬಾರಿ ಹಾರಿದರೆ ಸಾಕೆಂದಿದ್ದ ಅದು 72 ಬಾರಿ ಹಾರಿತು. ಎಂತಲೇ ಈ ವಿಷಯದಲ್ಲಿ ಒಂದೇ ಸೂತ್ರವನ್ನು ಹಿಡಿದು ಕೂರುವುದು ಸಲ್ಲದು. ಆದರೂ ಪರೀಕ್ಷೆಗಾಗಿ ಹಾರುವ ಯಂತ್ರದಲ್ಲಿ ಮಾಡಿದ ಸಾಹಸವನ್ನು, ಕೋಟ್ಯಂತರ ಜನರ ಸಂಪರ್ಕಕ್ಕೆ ಆಧಾರವಾದ ಉಪಗ್ರಹದಲ್ಲಿ ಯಾರು ಮಾಡಿಯಾರು?

ಇಸ್ರೋ ಸಂಸ್ಥೆಯವರು ರಾಕೆಟ್ಟುಗಳಿಗಾಗಿ ರೂಪಿಸಿ 2025 ರ ಸೆಪ್ಟೆಂಬರಿನಲ್ಲಿ ಲೋಕಕ್ಕೆ ತೋರಿಸಿದ 'ವಿಕ್ರಮ್ 3201' ಎಂಬ ಚಿಪ್ಪಿನ ಕೆತ್ತನೆಯ ಅಳತೆ 180 ನ್ಯಾನೋಮೀಟರ್. ಅಂಗಡಿಯಲ್ಲಿ ಮಾರುವ ಗಣಕಗಳ ಚಿಪ್ಪುಗಳು ಆ ಅಳತೆಯನ್ನು ಹಿಂದಿಕ್ಕಿ 20 ವರ್ಷಗಳೇ ಕಳೆದಿವೆ. ಆದರೆ ಮೈನಸ್ 55 ರಿಂದ 125 ಡಿಗ್ರಿ ಸೆಲ್ಸಿಯಸ್ ವರೆಗಿನ ಶೀತೋಷ್ಣಗಳನ್ನು ತಾಳಿಕೊಂಡು ಅದು ಲೆಕ್ಕ ಮಾಡಬಲ್ಲುದು.