ಡಬ್ಬಿ ಓದಿ, ಆಮೇಲೆ ಕೊಳ್ಳಿ



ಕ್ರೀಮಿನ ಡಬ್ಬಿ ಮೇಲೆ ‘ಜೊಜೋಬಾ ಎಣ್ಣೆ’ ಅನ್ನೋ ಹೆಸರು ಕೇಳಿದ್ದೀರಾ? ಜೊಜೋಬಾ ಮರುಭೂಮಿಯ ಪೊದೆ. ಅಮೆರಿಕ, ಮೆಕ್ಸಿಕೋ ಅದರ ತವರು. ಈಗ ನಮ್ಮ ರಾಜಸ್ಥಾನದಲ್ಲೂ ಬೆಳೆಯುತ್ತಾರೆ. ಬೀಜ ಹಿಂಡಿದರೆ ಎಣ್ಣೆ ಬರುತ್ತೆ. ಹೆಸರಿಗೆ ಎಣ್ಣೆ, ನಿಜದಲ್ಲಿ ಅದು ಕರಗಿದಂತಿರುವ ಮೇಣ. ಹಚ್ಚಿದರೆ ಚರ್ಮದ ತೇವ ಆರದಂತೆ ಕಾಯುತ್ತೆ. ಒಣಗಿದ ಕೈಕಾಲಿಗೆ ಹಿತ. ಆದರೆ ಮೈಬಣ್ಣ ಬೆಳ್ಳಗೆ ಮಾಡಲ್ಲ. ಹೊಟ್ಟೆಗೆ ತಗೋಬಾರದು.

ಡಬ್ಬಿಯ ಮುಂದೆ ಹೆಸರು ದೊಡ್ಡದಾಗಿರಬಹುದು. ಹಿಂದಿನ ಪಟ್ಟಿ ನೋಡಿ. ಹೆಚ್ಚು ಹಾಕಿದ್ದನ್ನು ಮೊದಲು ಬರೀತಾರೆ. ಜೊಜೋಬಾ ಕೊನೆಯಲ್ಲಿದ್ದರೆ ಒಳಗಿರೋದು ತುಸುವೇ. ಇಂಗ್ಲಿಷಿನಲ್ಲಿದ್ದರೆ ಮಕ್ಕಳಿಂದ ಓದಿಸಿ. ಬೆಲೆ, ತಾರೀಖು ನೀವೇ ಓದಿ.

ದುಬಾರಿಯಾದರೆ ಬಿಡಿ. ಮನೆಯ ಕೊಬ್ಬರಿ ಎಣ್ಣೆಯೂ ತೇವ ಕಾಯುತ್ತೆ. ದುಡ್ಡು ನಿಮ್ಮದು, ಓದಿ ನೋಡಿ ಕೊಡಿ.