ಮಕ್ಕಳ ಕೈಯಲ್ಲಿ ಕ್ಯಾಮರಾ
(ಶತಮಾನೋತ್ಸವದ ಸಂದರ್ಭದಲ್ಲಿ ನೀಡಿದ ಭಾಷಣ)



ತರಗತಿಯಲ್ಲಿ ಕಲಿತುದನ್ನು ಮಕ್ಕಳು ತಾವೇ ವಿಡಿಯೊ ಮಾಡಿ ತೋರಿಸುವ ಪದ್ಧತಿ ಇಂದು ಅನೇಕ ಶಾಲೆಗಳಲ್ಲಿ ಬಳಕೆಗೆ ಬಂದಿದೆ. ಅದರ ಗುಣದೋಷಗಳೇ ಇಂದಿನ ನಮ್ಮ ವಿಷಯ.

2020ರಲ್ಲಿ ಕೋವಿಡ್ ವ್ಯಾಧಿಯಿಂದಾಗಿ ಶಾಲೆಗಳು ಮುಚ್ಚಿದಾಗ, ಚಂದನ ವಾಹಿನಿಯ ‘ಸಂವೇದ’ ಪಾಠಗಳು ಮನೆಮನೆಗೆ ಬಂದುವು. ನೆಟ್‌ವರ್ಕ್ ದೊರೆಯದ ಮಲೆನಾಡಿನ ಮಕ್ಕಳು ಮೊಬೈಲು ಹಿಡಿದು ಗುಡ್ಡವೇರಿದುದನ್ನು ನಾವು ಮರೆತಿಲ್ಲ. ಅಂದು ಶಿಕ್ಷಕರು ಹೇಳಿದರು, ಮಕ್ಕಳು ನೋಡಿದರು. ಮಕ್ಕಳೇ ವಿಡಿಯೊ ತೆಗೆಯುವಾಗ ಈ ಕ್ರಮ ತಿರುವುಮುರುವಾಗುತ್ತದೆ. ಇನ್ನೊಬ್ಬರಿಗೆ ವಿವರಿಸಹೊರಟಾಗಲೇ ತನಗೆ ಎಷ್ಟು ತಿಳಿದಿದೆ, ಎಷ್ಟು ತಿಳಿದಿಲ್ಲ ಎಂಬುದು ಮಗುವಿಗೆ ಗೊತ್ತಾಗುತ್ತದೆ.

ತುಂಗೆಯ ದಡದ ಈ ನೆಮ್ಮಾರಿನ ಮಕ್ಕಳಿಗೆ ಮಳೆಗಿಂತ ಹತ್ತಿರದ ಪಾಠ ಯಾವುದಿದೆ? ನೇರವಾದ ಬದಿಗಳುಳ್ಳ ಬಾಟಲಿಯೊಂದರ ಮೇಲ್ಭಾಗವನ್ನು ಕತ್ತರಿಸಿ, ಆಲಿಕೆಯಂತೆ ಬೋರಲಾಗಿ ಇಟ್ಟು, ಬದಿಗೆ ಅಳತೆಪಟ್ಟಿ ಅಂಟಿಸಿದರೆ ಮಳೆಮಾಪಕ ಸಿದ್ಧ. ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅಳತೆ ನೋಡಲಿ. 1 ಮಿಲಿಮೀಟರ್ ಮಳೆಯೆಂದರೆ 1 ಚದರ ಮೀಟರ್ ನೆಲಕ್ಕೆ 1 ಲೀಟರ್ ನೀರು ಎಂಬ ಲೆಕ್ಕವನ್ನು ಅಂಗಳದಲ್ಲೇ ಮಾಡಿ ತೋರಿಸಲಿ. ಮೊದಲ ದಿನ ಬಾಟಲಿಯನ್ನು ಅಡಿಕೆಮರದ ಕೆಳಗಿಟ್ಟು ಅಳತೆ ತಪ್ಪಿದರೆ, ಅದನ್ನೂ ವಿಡಿಯೊದಲ್ಲಿ ಉಳಿಸಲಿ. ಮರುದಿನ ಬಯಲಿನಲ್ಲಿ ಇಟ್ಟುದೇಕೆಂದು ಹೇಳಲಿ. ಆ ತಪ್ಪೇ ಪಾಠದ ಜೀವಾಳ.

ಇದನ್ನು ನಾವು ತಡವಾಗಿ ಕಲಿತೆವು. ಹಿಂದೊಮ್ಮೆ ನಾವು ಮಾಡಿಸಿದ ವಿಡಿಯೊದಲ್ಲಿ, ಮಾತು ತಡವರಿಸಿದ ಹುಡುಗನೊಬ್ಬನ ಭಾಗವನ್ನು ಕತ್ತರಿಸಿ, ಅದೇ ಮಾತನ್ನು ಚುರುಕಾದ ಹುಡುಗಿಯೊಬ್ಬಳಿಂದ ಹೇಳಿಸಿದೆವು. ಪ್ರಯೋಗ ಮಾಡಿದವನು ಅವನು. ಚಪ್ಪಾಳೆ ದೊರೆತುದು ಅವಳಿಗೆ. ವಿಡಿಯೊ ನೋಡಿದ ಅವನ ತಾಯಿ, “ಆ ದಿನ ನಮ್ಮ ಹುಡುಗ ಶಾಲೆಗೆ ಬಂದಿರಲಿಲ್ಲವೇ ಮೇಷ್ಟ್ರೇ?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಶಾಲೆಯ ಹೆಸರನ್ನು ಬೆಳಗಿಸುವ ಆತುರದಲ್ಲಿ, ಯಾರಿಗಾಗಿ ಶಾಲೆಯಿದೆಯೋ ಆ ಮಗುವನ್ನೇ ನಾವು ಮರೆಮಾಡಿದ್ದೆವು.

ಆದುದರಿಂದ ಶಿಕ್ಷಕ ಬಾಂಧವರಲ್ಲಿ ನಮ್ಮ ವಿನಂತಿಯಿಷ್ಟೇ. ಒಂದು ಗುಂಪಿಗೆ ಒಂದೇ ಮೊಬೈಲು ಸಾಕು. ಆದರೆ ಅದು ಪ್ರತಿಯೊಬ್ಬರ ಕೈಗೂ ಬರಲಿ. ಒಬ್ಬ ಮಾತನಾಡಲಿ, ಒಬ್ಬಳು ಚಿತ್ರೀಕರಿಸಲಿ, ಇನ್ನೊಬ್ಬ ಅಳತೆ ಬರೆಯಲಿ; ಮುಂದಿನ ವಾರ ಕೆಲಸಗಳು ಅದಲುಬದಲಾಗಲಿ. ಬರೆದುಕೊಟ್ಟ ಮಾತನ್ನು ಬಾಯಿಪಾಠ ಮಾಡಿಸುವುದು ಬೇಡ. ವಿಡಿಯೊ ಮೊದಲು ತರಗತಿಯಲ್ಲಿಯೂ ಪೋಷಕರ ಸಭೆಯಲ್ಲಿಯೂ ಪ್ರದರ್ಶಿತವಾಗಲಿ. ಅಂತರ್ಜಾಲಕ್ಕೆ ಏರಿಸುವ ಮುನ್ನ ಹೆತ್ತವರ ಒಪ್ಪಿಗೆ ಅವಶ್ಯ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ 18 ವರ್ಷದೊಳಗಿನವರ ವಿಷಯದಲ್ಲಿ ಈ ಒಪ್ಪಿಗೆಗೆ ಮಹತ್ವ ಕೊಟ್ಟಿದೆ. ಒಲ್ಲೆನೆನ್ನುವ ಮಗುವಿನ ಮುಖ ಕಾಣಲೇಬೇಕೆಂದಿಲ್ಲ. ಅದರ ಕೈ, ಅದರ ಧ್ವನಿ, ಅದು ಬರೆದ ಚಿತ್ರ ಸಾಕು.

ಮಾತಾಪಿತೃಗಳೇ, ಮಕ್ಕಳು ವಿಡಿಯೊ ತೋರಿಸಲು ಬಂದಾಗ “ಎಷ್ಟು ಜನ ನೋಡಿದರು?” ಎಂದು ಕೇಳಬೇಡಿ. “ಇದನ್ನು ನೀನು ಹೇಗೆ ಕಂಡುಹಿಡಿದೆ?” ಎಂದು ಕೇಳಿರಿ. ತಡವರಿಸುತ್ತಲಾದರೂ ಮಗು ಉತ್ತರಿಸಲಿ. ಮುಗಿಯುವವರೆಗೆ ಕಾದು ಕೇಳೋಣ.